ಮಗ್ಗಿ ಟೀಚರರ ಕಿರುಬೆರಳು

ಮೂರನೆಯ ತರಗತಿಯ ಟೀಚರಿಗೆ ಮಗ್ಗಿ ಟೀಚರ್ ಎಂಬ ಹೆಸರು ಬಿದ್ದದ್ದು ಮಕ್ಕಳಿಂದ. ಅವರ ತರಗತಿಯಲ್ಲಿ ಮಗ್ಗಿಯನ್ನು ಯಾರೂ ಉರು ಹೊಡೆಯುತ್ತಿರಲಿಲ್ಲ, ಕಟ್ಟುತ್ತಿದ್ದರು. ಅವರ ತಂದೆ ಗಾರೆ ಕೆಲಸದ ಮೇಸ್ತ್ರಿ. ಚಿಕ್ಕಂದಿನಲ್ಲಿ ತಂದೆಗೆ ಬುತ್ತಿ ಒಯ್ದು, ಅವರು ಉಂಡು ಕೈ ತೊಳೆಯುವವರೆಗೆ ಅರ್ಧ ಎದ್ದ ಗೋಡೆಯ ಮುಂದೆ ಕುಳಿತು, ಸಾಲಿಗೆಷ್ಟು ಇಟ್ಟಿಗೆ, ಒಟ್ಟು ಎಷ್ಟು ಸಾಲು ಎಂದು ನೋಡುತ್ತ ನೋಡುತ್ತ ಈ ಹುಡುಗಿ ಗುಣಾಕಾರ ಕಲಿತಳಂತೆ. ಆದ್ದರಿಂದ ಅವರ ತರಗತಿಯಲ್ಲಿ ಸೀಮೆಸುಣ್ಣದ ಖಾಲಿ ಡಬ್ಬಿಗಳೇ ಇಟ್ಟಿಗೆಗಳು. ಮಕ್ಕಳು ನೆಲದ ಮೇಲೆ ಕುಳಿತು ಏಳರ ಗೋಡೆ, ಎಂಟರ ಗೋಡೆ ಎಂದು ಕಟ್ಟಿ, ಕಟ್ಟಿದ್ದನ್ನು ನೋಡಿಕೊಂಡು ಮಗ್ಗಿ ಹೇಳುತ್ತಿದ್ದರು. ನಾಲ್ಕನೆಯ ತರಗತಿಗೆ ನನ್ನ ಬಳಿ ಬರುವ ಹೊತ್ತಿಗೆ, ಭಾಗಾಕಾರವೆಂದರೆ ಆ ಗೋಡೆಯನ್ನು ಸಮವಾಗಿ ಬಿಚ್ಚುವುದು ಎಂದು ಅವರಿಗೆ ತಾನಾಗಿಯೇ ಹೊಳೆದಿರುತ್ತಿತ್ತು. ನನ್ನ ಕೆಲಸವನ್ನು ಅರ್ಧ ಅವರೇ ಮುಗಿಸಿ ಕಳಿಸುತ್ತಾರೆಂದು ನಾನು ಎಲ್ಲರ ಎದುರಿಗೂ ಹೇಳುತ್ತಿದ್ದೆ.

ಅವರಿಗೆ ಇನ್ನೊಂದು ವಿದ್ಯೆಯೂ ಇತ್ತು. ಗಂಟಲು ದುರ್ಬಲವಾದ್ದರಿಂದ ಅವರು ಕೂಗುತ್ತಿರಲಿಲ್ಲ. ಎಲ್ಲವನ್ನೂ ಬೆರಳಿನಲ್ಲಿ ನಡೆಸುತ್ತಿದ್ದರು. ಪಕ್ಕಕ್ಕೆ ಇಳಿಬಿಟ್ಟ ಬಲಗೈಯಲ್ಲಿ ತೋರುಬೆರಳು ಎದ್ದರೆ ಮಕ್ಕಳು ಏಳಬೇಕು. ಎರಡು ಬೆರಳು ಕೂಡಿದರೆ ಕೂರಬೇಕು. ಮುಷ್ಟಿ ಹಿಡಿದರೆ ಮೌನ. ಕಿರುಬೆರಳು ಬಿಚ್ಚಿಕೊಂಡರೆ ಮೌನ ಮುಗಿಯಿತು. ಹೊರಗಿನವರ ಕಣ್ಣಿಗೆ ಏನೂ ಕಾಣುತ್ತಿರಲಿಲ್ಲ. ಬೇರೆಯವರು ಬೆತ್ತದಿಂದ ಕುಟ್ಟಿ, ಗಂಟಲು ಹರಿದುಕೊಂಡು ಮಾಡಿಸುವುದನ್ನು ಇವರು ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಮಾಡಿಸುತ್ತಿದ್ದರು. ಕೊನೆಗೆ ಅವರನ್ನು ಸಿಕ್ಕಿಹಾಕಿಸಿದ್ದೂ ಈ ಬೆರಳುಗಳೇ.

ನಮ್ಮದು ಕಥೋಲಿಕ ಪ್ರಾಥಮಿಕ ಶಾಲೆ. ಚರ್ಚಿನ ಬೆನ್ನಿಗೆ ಅಂಟಿಕೊಂಡ ಉದ್ದನೆಯ ಕಟ್ಟಡ, ಒಂದೇ ಸಾಲಿನಲ್ಲಿ ಕೊಠಡಿಗಳು, ಮುಂದೆ ಜಗಲಿ, ಜಗಲಿಯ ಕೊನೆಯಲ್ಲಿ ಶಾಲೆಯದೇ ಆದ ಚಿಕ್ಕ ಪ್ರಾರ್ಥನಾಲಯ. ಧರ್ಮಪ್ರಾಂತ್ಯದ ಶಿಕ್ಷಣ ಕಚೇರಿಯಿಂದ ಆಗಾಗ ಇಬ್ಬರು ಬಂದು ನೋಡಿಹೋಗುವ ಪದ್ಧತಿಯಿತ್ತು. ಅವರು ನೋಡುತ್ತಿದ್ದದ್ದು ಲೆಕ್ಕವನ್ನೂ ಅಲ್ಲ, ಭಾಷೆಯನ್ನೂ ಅಲ್ಲ. ಧರ್ಮೋಪದೇಶದ ಪಾಠ ಹೇಗೆ ನಡೆಯುತ್ತದೆ, ಮಕ್ಕಳು ಆರಾಧನೆಯಲ್ಲಿ ಹೇಗೆ ಸೇರಿಕೊಳ್ಳುತ್ತಾರೆ ಎಂಬುದನ್ನು ಮಾತ್ರ. ಒಂದು ವರ್ಷ ದಪ್ಪ ಕನ್ನಡಕದ ಒಬ್ಬ ಫಾದರೂ ನಿವೃತ್ತರಾದ ಒಬ್ಬ ಶಿಕ್ಷಕಿಯೂ ಬಂದರು. ಬೆಳಗಿನ ಪ್ರಾರ್ಥನೆ ನೋಡಿದರು. ದೊಡ್ಡ ಸಿಸ್ಟರ್, ಅಂದರೆ ನಮ್ಮ ಮುಖ್ಯೋಪಾಧ್ಯಾಯಿನಿ, ತಾವೇ ಬೈಬಲಿನ ಶುಭಸಂದೇಶ ಓದಿ, ತಾವೇ ವಿವರಿಸಿ, ತಾವೇ ಹಾಡು ಎತ್ತಿಕೊಂಡು, ಕೊನೆಗೆ ಪರಲೋಕ ಮಂತ್ರವನ್ನು ಎಲ್ಲರಿಗಿಂತ ಗಟ್ಟಿಯಾಗಿ ಹೇಳಿ ಮುಗಿಸಿದರು.

ಫಾದರ್ ಹೊರಡುವ ಮುಂಚೆ ಕನ್ನಡಕ ಒರೆಸಿಕೊಳ್ಳುತ್ತ ಮೆಲ್ಲಗೆ ಹೇಳಿದರು: "ಪ್ರಾರ್ಥನೆ ಚೆನ್ನಾಗಿದೆ ಸಿಸ್ಟರ್. ಆದ್ರೆ ಪ್ರಾರ್ಥನೆ ಮಾಡ್ತಿರೋರು ನೀವು. ಮಕ್ಕಳು ನೋಡೋಕೆ ಬಂದಿರೋ ಹಾಗಿದೆ."

ಮುಂದಿನ ವರ್ಷ ಮತ್ತೆ ಬರುತ್ತೇವೆ, ಅಷ್ಟರಲ್ಲಿ ಮಕ್ಕಳೇ ಆರಾಧನೆ ನಡೆಸುವಂತಾಗಬೇಕು ಎಂದು ತಿಳಿಸಿ ಹೋದರು. ದೊಡ್ಡ ಸಿಸ್ಟರಿಗೆ ಈ ಮಾತು ಮುಳ್ಳಿನಂತೆ ನೆಟ್ಟಿತು. ಅವರು ಕೆಟ್ಟವರಲ್ಲ. ಶಾಲೆಯ ಒಂದು ಕಿಟಕಿಯ ಗಾಜು ಒಡೆದರೂ ತಮ್ಮ ಹಲ್ಲು ಮುರಿದಷ್ಟು ನೋಯುವವರು. ಒಂದು ವಾರ ಯಾರೊಡನೆಯೂ ಸರಿಯಾಗಿ ಮಾತಾಡಲಿಲ್ಲ. ಆಮೇಲೆ ಮಗ್ಗಿ ಟೀಚರನ್ನು ಕರೆಸಿ, ನಿಮ್ಮ ಮಾತನ್ನು ಮಕ್ಕಳು ಕೇಳುವ ಹಾಗೆ ಬೇರೆ ಯಾರ ಮಾತನ್ನೂ ಕೇಳುವುದಿಲ್ಲ, ಆದ್ದರಿಂದ ಧರ್ಮೋಪದೇಶ, ಪ್ರಾರ್ಥನಾಲಯ ಎರಡನ್ನೂ ಪೂರ್ತಿ ನೀವೇ ವಹಿಸಿಕೊಳ್ಳಬೇಕು ಎಂದರು. ಮೂರನೆಯ ತರಗತಿಗೆ, ಕೆಲಸಕ್ಕೆ ಹೊಸದಾಗಿ ಸೇರಿದ ಟೀಚರ್ ಹುಡುಗಿ ಹೋಗುವಳು. ಫಾದರ್ ಬಂದು ಒಪ್ಪಿಕೊಂಡು ಹೋದ ಮರುದಿನವೇ ತರಗತಿ ವಾಪಸ್ಸು.

"ಒಂದೇ ವರ್ಷ ಟೀಚರ್. ದೇವರ ಕೆಲಸ. ಇಲ್ಲ ಅನ್ನಬೇಡಿ."

ಇಲ್ಲ ಎನ್ನಲು ಅದರಲ್ಲಿ ಜಾಗವೇ ಇರಲಿಲ್ಲ. ಮಗ್ಗಿ ಟೀಚರ್ ಡಬ್ಬಿಗಳನ್ನು ಹೊಸ ಹುಡುಗಿಗೆ ಒಪ್ಪಿಸಿ, ಪ್ರಾರ್ಥನಾಲಯದ ಪಕ್ಕದ ಸಾಮಾನಿನ ಕೋಣೆಗೆ ತಮ್ಮ ಕುರ್ಚಿ ಸಾಗಿಸಿದರು. ಆ ಕೋಣೆಯ ಇನ್ನೊಂದು ಗೋಡೆಯ ಆಚೆಗೆ ಮೂರನೆಯ ತರಗತಿ. ಮೇಣದಬತ್ತಿಯ ಕಟ್ಟುಗಳ ನಡುವೆ ಕುಳಿತು ಅವರು ಆಚೆಯ ಮಗ್ಗಿ ಕೇಳಬೇಕಾಯಿತು. ಹೊಸ ಹುಡುಗಿ ಡಬ್ಬಿಗಳನ್ನು ಕಪಾಟಿನಲ್ಲಿಟ್ಟು ಮಗ್ಗಿಯನ್ನು ರಾಗವಾಗಿ ಹೇಳಿಸುತ್ತಿದ್ದಳು. ಎಂಟೇಳು ಬಂದ ಕಡೆ ಇಡೀ ತರಗತಿ ರಾಗವನ್ನು ಜೋರು ಮಾಡಿ ಉತ್ತರವನ್ನು ನುಂಗಿಬಿಡುತ್ತಿತ್ತು.

"ಮೇಷ್ಟ್ರೇ, ಪಕ್ಕದ ಮನೇಲಿ ನಮ್ಮ ಮಗು ಅಳ್ತಾ ಇದ್ದ ಹಾಗೆ ಆಗುತ್ತೆ. ಎದ್ದು ಹೋಗೋ ಹಾಗಿಲ್ಲ," ಎಂದು ಅವರು ಒಮ್ಮೆ ನನ್ನೊಡನೆ ಹೇಳಿದ್ದರು.

ಆದರೆ ಕೆಲಸದಲ್ಲಿ ಅವರು ಎಳ್ಳಷ್ಟೂ ಮೈಗಳ್ಳತನ ಮಾಡಲಿಲ್ಲ. ಪ್ರತಿ ತರಗತಿಯಿಂದ ಮಕ್ಕಳ ಗುಂಪು ಮಾಡಿ, ಪೂಜೆಯ ಪೀಠಕ್ಕೆ ಬಟ್ಟೆ ಹಾಸುವವರು, ಬತ್ತಿ ಹಚ್ಚುವವರು, ಓದುವವರು, ಹಾಡು ಆರಿಸುವವರು ಎಂದು ಹಂಚಿದರು. ಓದಿನ ನಂತರ ಸ್ವಲ್ಪ ಹೊತ್ತು ಮೌನ. ಅದರಲ್ಲಿ ಪ್ರತಿಯೊಂದು ಮಗುವೂ ತನ್ನ ಮಾತಿನಲ್ಲಿ ದೇವರೊಡನೆ ಮಾತಾಡಬೇಕು. ಮೊದಮೊದಲು ಎಲ್ಲವೂ ಗೋಜಲು. ಹಾಡುವವರು ಓದುವವರ ಮೇಲೆ ಹಾಡಿದರು. ಮೌನ ಎಂದರೆ ಯಾರೋ ಕೆಮ್ಮುವುದು, ಇನ್ಯಾರೋ ನಗುವುದು. ದೊಡ್ಡ ಸಿಸ್ಟರ್ ಬಾಗಿಲಲ್ಲಿ ನಿಂತು ಹಣೆ ಒತ್ತಿಕೊಂಡರು. ಅದನ್ನು ಕಂಡ ಮಗ್ಗಿ ಟೀಚರ್ ಪ್ರಾರ್ಥನಾಲಯದ ಪಕ್ಕದ ಗೋಡೆಗೆ ಬಂದು ನಿಂತು, ಮೆಲ್ಲಗೆ ತೋರುಬೆರಳು ಎತ್ತಿದರು.

ಅಲ್ಲಿಂದ ಎಲ್ಲವೂ ಎಣ್ಣೆ ಹಾಕಿದ ಯಂತ್ರವಾಯಿತು. ಮಕ್ಕಳು ತಾವಾಗಿ ಎದ್ದರು, ತಾವಾಗಿ ಕುಳಿತರು, ತಾವಾಗಿ ಹಾಡಿದರು. ಮುಷ್ಟಿ ಹಿಡಿದಾಗ ಸೂಜಿ ಬಿದ್ದರೂ ಕೇಳುವಷ್ಟು ಮೌನ. ಕಿರುಬೆರಳು ಬಿಚ್ಚಿದೊಡನೆ ಎಲ್ಲ ಬಾಯಿಗಳಿಂದ ಒಂದೇ ಆಮೆನ್. ದೊಡ್ಡ ಸಿಸ್ಟರ್ ನಕ್ಕದ್ದನ್ನು ನಾವು ಎಷ್ಟೋ ತಿಂಗಳ ಮೇಲೆ ನೋಡಿದೆವು.

ಇದರ ಪೆಟ್ಟು ಭಾನುವಾರ ತಿಳಿಯಿತು. ಚರ್ಚಿನಲ್ಲಿ ಬಲಿಪೂಜೆಯ, ಅಂದರೆ ವಾರದ ಸಾಮೂಹಿಕ ಪೂಜೆಯ, ನಡುವೆ ಮಗ್ಗಿ ಟೀಚರ್ ಮೂಗಿನ ಮೇಲೆ ಕುಳಿತ ನೊಣವನ್ನು ತೋರುಬೆರಳಿನಿಂದ ಓಡಿಸಿದರು. ಅಲ್ಲಲ್ಲಿ ತಂದೆತಾಯಂದಿರ ಪಕ್ಕದಲ್ಲಿದ್ದ ಶಾಲೆಯ ಮಕ್ಕಳೆಲ್ಲ ದಡಬಡನೆ ಎದ್ದು ನಿಂತರು. ಮಕ್ಕಳು ಎದ್ದರೆಂದು ಎಷ್ಟೋ ತಾಯಂದಿರೂ ಎದ್ದರು. ಪ್ರಸಂಗ ಹೇಳುತ್ತಿದ್ದ ಗುರುಗಳು, ಮುಗಿಸಬೇಕೆಂದು ಜನ ಸೂಚಿಸುತ್ತಿದ್ದಾರೋ ಏನೋ ಎಂದುಕೊಂಡು ಅರ್ಧಕ್ಕೆ ನಿಲ್ಲಿಸಿದರು.

ಮುಂದಿನ ವಾರ ಅವರು ಕಡೆಯ ಬೆಂಚಿಗೆ ಹೋದರು. ಮಕ್ಕಳೆಲ್ಲ ಕುತ್ತಿಗೆ ತಿರುಗಿಸಿ ಹಿಂದಕ್ಕೇ ನೋಡತೊಡಗಿದರು. ಇದು ಪೀಠಕ್ಕೆ ಅವಮರ್ಯಾದೆ ಎಂದು ದೊಡ್ಡ ಸಿಸ್ಟರ್ ಅವರನ್ನು ಮೊದಲ ಬೆಂಚಿಗೆ ತಂದು ಕೂರಿಸಿದರು. ಅಲ್ಲಿಂದ ಮುಂದೆ ಅವರು ಎರಡು ಕೈಯನ್ನೂ ಒಂದರೊಳಗೊಂದು ಹೆಣೆದು ತೊಡೆಯ ಮೇಲೆ ಒತ್ತಿಕೊಂಡೇ ಪೂಜೆ ಮುಗಿಸಬೇಕಾಯಿತು. ಕಿವಿ ತುರಿಸಿದರೂ ತುರಿಸಿಕೊಳ್ಳುವ ಹಾಗಿಲ್ಲ. ಪ್ರಾರ್ಥನೆಗೆ ಮನಸ್ಸು ಕೊಡೋಣವೆಂದರೆ ಮನಸ್ಸೆಲ್ಲ ಬೆರಳಿನ ಕಾವಲಿಗೆ ನಿಂತಿರುತ್ತಿತ್ತು. ತಾವು ಇಷ್ಟು ಮಕ್ಕಳಿಗೆ ಪ್ರಾರ್ಥನೆ ಕಲಿಸಲು ಹೋಗಿ, ತಮ್ಮದನ್ನು ಎಲ್ಲಿ ಕೈಬಿಟ್ಟೆವೋ ತಿಳಿಯದು ಎಂದು ಅವರು ನಗುತ್ತಲೇ ಹೇಳಿದರು. ಆದರೆ ಕೇಳಿದ ನನಗೆ ನಗು ಬರಲಿಲ್ಲ.

ಮನೆಯಲ್ಲಾದರೂ ಬಿಡುಗಡೆಯಿತ್ತೇ ಎಂದರೆ ಅದೂ ಇಲ್ಲ. ಅವರ ಗಂಡ ಗಡಿಯಾರ ರಿಪೇರಿಯವರು. ಮನೆಯ ಮುಂಭಾಗವೇ ಅಂಗಡಿ. ಒಂದು ಕಣ್ಣಿಗೆ ಭೂತಗಾಜು ಸಿಕ್ಕಿಸಿಕೊಂಡು ಇಡೀ ದಿನ ಬಾಗಿ ಕುಳಿತಿರುವ ಮಿತಭಾಷಿ. ಅತ್ತೆ ಮಾತ್ರ ಅವರಿಬ್ಬರ ಪಾಲಿನ ಮಾತನ್ನೂ ತಾವೇ ಆಡುವವರು. ಸೊಸೆ ಪ್ರಾರ್ಥನಾಲಯದ ಟೀಚರಾದಾಗಿನಿಂದ ಅವರ ನಡಿಗೆಯೇ ಬದಲಾಗಿತ್ತು. ಮೊದಲ ಬೆಂಚಿನಲ್ಲಿ ಸೊಸೆಯ ಪಕ್ಕದ ಜಾಗ ಅವರಿಗೆ ಕಾಯಂ ಆಯಿತು. ನನ್ನ ಗಡಿಯಾರ ಕೊಡಲು ಹೋದ ದಿನ, ಸಂಜೆಯ ಜಪಸರ ಹೇಳಲು ಅಕ್ಕಪಕ್ಕದ ಹೆಂಗಸರೆಲ್ಲ ಒಳಗೆ ಸೇರಿದ್ದರು.

"ಮೊದಲು ಸೊಸೆ ಅಂದ್ರೆ ಸೊಸೆ," ಎಂದರು ಅತ್ತೆ ನನಗೆ ಕೇಳಿಸುವಂತೆ. "ಈಗ ನಾನೇ ಹೆದರಿ ಮಾತಾಡಬೇಕು. ಮೇಲಿನವರ ಹತ್ತಿರ ನೇರ ಓಡಾಟ ಇರೋಳು."

"ಅತ್ತೆ, ನನಗೆ ಲೆಕ್ಕ ಬರುತ್ತೆ ಅಷ್ಟೇ."

"ಲೆಕ್ಕ ಯಾರಿಗೆ ಬೇಕು ಮಗಳೇ? ಲೆಕ್ಕದ ಟೀಚರ್ ಅತ್ತೆ ಅಂತ ಯಾರಾದ್ರೂ ಮೊದಲ ಬೆಂಚು ಕೊಡ್ತಾರಾ?"

ಗಂಡ ಭೂತಗಾಜನ್ನು ತೆಗೆಯದೆಯೇ, ಈ ಗಡಿಯಾರದ ಸ್ಪ್ರಿಂಗನ್ನು ಜಾಸ್ತಿ ಬಿಗಿದಿದ್ದೀರಿ ಮೇಷ್ಟ್ರೇ, ಆದ್ದರಿಂದ ನಿಂತಿದೆ ಎಂದು ನನಗೆ ಹೇಳಿದರು. ಒಳಗೆ ಜಪ ಮೊದಲಾಯಿತು. ಮಗ್ಗಿ ಟೀಚರ್ ಹೆಂಗಸರ ನಡುವೆ ಗೋಡೆಗೆ ಮುಖ ಮಾಡಿ ಕುಳಿತದ್ದು ಬಾಗಿಲ ಸಂದಿನಲ್ಲಿ ಕಾಣುತ್ತಿತ್ತು.

ಅಂತೂ ವರ್ಷ ತುಂಬಿತು. ಬೆಳಗಿನ ಆರಾಧನೆಗೆ ಕನ್ನಡಕದ ಫಾದರೂ ಆ ಶಿಕ್ಷಕಿಯೂ ಬಂದರು. ಮಗ್ಗಿ ಟೀಚರ ಮುಖದಲ್ಲಿ ಅಂದು ಹಬ್ಬದ ಕಳೆ. ಇದೊಂದು ದಿನ ದಾಟಿದರೆ ನಾಳೆ ಅವರ ತರಗತಿ ಅವರಿಗೆ. ಸೀಮೆಸುಣ್ಣದ ಹೊಸ ಡಬ್ಬಿಗಳನ್ನೂ ಕೂಡಿಸಿಟ್ಟಿದ್ದರು. ಮಕ್ಕಳು ಸಾಲಾಗಿ ಒಳಗೆ ಹೋದರು. ಅವರೂ ಹಿಂದೆಯೇ ಹೊರಟಾಗ ಫಾದರ್ ಬಾಗಿಲಲ್ಲಿ ತಡೆದು, ಇವತ್ತು ದೊಡ್ಡವರು ಯಾರೂ ನಡೆಸದೆ ಮಕ್ಕಳೇ ನಡೆಸುವುದನ್ನು ನೋಡಬೇಕು, ಬೇಜಾರು ಮಾಡಿಕೊಳ್ಳದೆ ಸ್ವಲ್ಪ ಹೊರಗಿರಿ ಎಂದರು. ದೊಡ್ಡ ಸಿಸ್ಟರ್ ಮಾತ್ರ ಅತಿಥಿಗಳ ಜೊತೆ ಹಿಂದಿನ ಬೆಂಚಿನಲ್ಲಿ ಕುಳಿತರು. ಬಾಗಿಲು ಮುಚ್ಚಿತು.

ನಾನು ಆಗ ಜಗಲಿಯಲ್ಲಿದ್ದೆ. ಮಗ್ಗಿ ಟೀಚರ್ ನೀರಿನ ನಲ್ಲಿಯ ಪಕ್ಕದಲ್ಲಿ ಕಂಬಕ್ಕೆ ಒರಗಿ ನಿಂತರು. ಒಳಗೆ ಹಾಡು ಎದ್ದಿತು, ಸರಿಯಾಗಿಯೇ ಮುಗಿಯಿತು. ಓದುವ ಹುಡುಗಿಯ ಗಟ್ಟಿ ದನಿ ಕೇಳಿಸಿತು. ಅದೂ ಮುಗಿಯಿತು. ಆಮೇಲೆ ಮೌನ.

ಮೌನ ನಡೆಯಿತು. ಇನ್ನೂ ನಡೆಯಿತು. ಒಂದು ಕೆಮ್ಮಿಲ್ಲ, ಬೆಂಚು ಕಿರುಗುಟ್ಟಿದ ಸದ್ದಿಲ್ಲ. ಮಗ್ಗಿ ಟೀಚರ ಮುಖದ ಬಣ್ಣ ಇಳಿಯಿತು. ಆಗಲೇ ನನಗೂ ಹೊಳೆದದ್ದು: ಮೌನವನ್ನು ಮುಗಿಸುವುದು ಹೇಗೆಂದು ಆ ಮಕ್ಕಳಿಗೆ ಯಾರೂ ಕಲಿಸಿರಲಿಲ್ಲ. ಅದನ್ನು ಮುಗಿಸುವ ಬೆರಳು ನನ್ನ ಎದುರಿಗೆ ಕಂಬ ಹಿಡಿದು ನಿಂತಿತ್ತು.

"ಕೆಮ್ಮಿಬಿಡಿ ಟೀಚರ್," ಎಂದೆ ಪಿಸುಮಾತಿನಲ್ಲಿ.

ಅವರು ಬೇಡವೆಂದು ತಲೆಯಾಡಿಸಿದರು. ಕೆಮ್ಮಿದರೆ ಮಕ್ಕಳು ಗುರುತು ಹಿಡಿದು ಆಮೆನ್ ಎನ್ನುವರು, ಫಾದರಿಗೆ ಎಲ್ಲವೂ ಬಯಲಾಗುವುದು, ತರಗತಿ ಕೈತಪ್ಪುವುದು. ಕೆಮ್ಮದಿದ್ದರೆ ಏನಾಗುವುದೋ ತಿಳಿಯದು. ಅಡಕತ್ತರಿಯಲ್ಲಿ ಸಿಕ್ಕವರಂತೆ ಅವರು ಬಾಗಿಲನ್ನೇ ನೋಡುತ್ತ ನಿಂತಿದ್ದರು. ಬಲಗೈಯ ಕಿರುಬೆರಳು ಮಾತ್ರ ಬಿಚ್ಚುವುದು, ಮಡಚುವುದು, ಬಿಚ್ಚುವುದು ಮಾಡುತ್ತಿತ್ತು. ಕೊನೆಗೆ ವಿರಾಮದ ಗಂಟೆ ಬಾರಿಸಿದ ಮೇಲೆಯೇ ಒಳಗಿನಿಂದ, ನಿದ್ದೆಯಿಂದ ಎದ್ದವರ ದನಿಯಲ್ಲಿ, ಆಮೆನ್ ಕೇಳಿಸಿತು.

ಬಾಗಿಲು ತೆರೆದಾಗ ನಿವೃತ್ತ ಶಿಕ್ಷಕಿ ಕಣ್ಣೊರೆಸಿಕೊಳ್ಳುತ್ತಿದ್ದರು. ಫಾದರ್ ಕನ್ನಡಕವನ್ನು ಕೈಯಲ್ಲೇ ಹಿಡಿದುಕೊಂಡು ಬಂದು, ಇಷ್ಟು ವರ್ಷದಲ್ಲಿ ಎಳೆಯ ಮಕ್ಕಳು ಇಂಥ ಧ್ಯಾನದಲ್ಲಿ ಕುಳಿತದ್ದನ್ನು ಎಲ್ಲಿಯೂ ಕಂಡಿರಲಿಲ್ಲ, ನಮ್ಮ ಮಠದಲ್ಲಿಯೂ ಇಲ್ಲ ಎಂದರು.

ಮಗ್ಗಿ ಟೀಚರಿಗೆ ತಡೆಯಲಾಗಲಿಲ್ಲ. "ಫಾದರ್, ಅವು ಧ್ಯಾನ ಮಾಡ್ತಿರಲಿಲ್ಲ. ನನ್ನ ಬೆರಳಿಗೆ ಕಾಯ್ತಾ ಇದ್ವು," ಎಂದು ಕೈ ಎತ್ತಿ ತೋರಿಸಿಯೇಬಿಟ್ಟರು.

ಫಾದರ್ ಆ ಬೆರಳನ್ನು ನೋಡಿ, ಅವರನ್ನು ನೋಡಿ, ಮೃದುವಾಗಿ ನಕ್ಕರು. ನಿಜವಾಗಿ ಕಲಿಸಿದವರು ಯಾವಾಗಲೂ ತಮ್ಮದೇನೂ ಇಲ್ಲ ಎನ್ನುತ್ತಾರೆ ಎಂದು ಪಕ್ಕದ ಶಿಕ್ಷಕಿಗೆ ಹೇಳಿದರು. ಆ ವಿನಯಕ್ಕೆ ಆಕೆ ಇನ್ನಷ್ಟು ಕಣ್ಣೊರೆಸಿಕೊಂಡರು.

ಅವರು ಹೋದ ಮೇಲೆ ಮಗ್ಗಿ ಟೀಚರ್ ನೇರವಾಗಿ ದೊಡ್ಡ ಸಿಸ್ಟರ ಕೋಣೆಗೆ ಹೋದರು. ನಡೆದ ಮಾತನ್ನು ಆಮೇಲೆ ನನಗೆ ಅವರೇ ಹೇಳಿದರು. ಅವರು ಬಾಯಿ ತೆರೆಯುವ ಮೊದಲೇ ಸಿಸ್ಟರ್ ಕೈ ಅಡ್ಡ ಹಿಡಿದರಂತೆ.

"ನನಗೆ ಗೊತ್ತಿಲ್ವಾ? ನಾನೂ ಒಳಗೇ ಕೂತಿದ್ದೆನಲ್ಲ. ಒಂದು ಕಣ್ಣು ಬಿಟ್ಟು ಆ ಗೋಡೆ ಹತ್ತಿರ ನಿಮ್ಮನ್ನೇ ಹುಡುಕಿದೆ."

"ಹಾಗಾದ್ರೆ ಹೇಳಿಬಿಡಿ ಸಿಸ್ಟರ್."

"ಏನಂತ ಹೇಳಲಿ? ಆ ಮಕ್ಕಳು ಬೊಂಬೆ ಥರ ಕೂತಿದ್ರು ಅನ್ನಲಾ? ಹೋದ ವರ್ಷ ನನಗೆ ಆದ ಅವಮಾನ ಈ ಸಲ ಮಕ್ಕಳಿಗೆ ಆಗ್ಲಾ?"

"ನನ್ನ ತರಗತಿ?"

ಸಿಸ್ಟರ್ ಬಹಳ ಹೊತ್ತು ಮೇಜಿನ ಬಟ್ಟೆಯನ್ನು ಸರಿಮಾಡಿದರಂತೆ. ಫಾದರ್ ಇತರ ಶಾಲೆಗಳ ಟೀಚರುಗಳನ್ನು ಇದನ್ನು ಕಲಿಯಲು ಪ್ರತಿ ಶನಿವಾರ ಇಲ್ಲಿಗೆ ಕಳಿಸುವುದಾಗಿ ಆಗಲೇ ಹೇಳಿಹೋಗಿದ್ದರು, ಕಲಿಸುವವರು ಇರಬೇಕಷ್ಟೆ.

"ನೀವು ಮೂರನೇ ತರಗತಿಗೆ ಹೋದ್ರೆ," ಎಂದರು ಕೊನೆಗೆ, "ಆ ಮೌನಾನ ಯಾರಮ್ಮ ನಿಲ್ಲಿಸ್ತಾರೆ?"

ಮರುದಿನ ಮಗ್ಗಿ ಟೀಚರ್ ಮಕ್ಕಳನ್ನು ಕೂರಿಸಿಕೊಂಡು, ನಿನ್ನೆ ಅಷ್ಟು ಹೊತ್ತು ಏನು ಮಾಡುತ್ತಿದ್ದಿರಿ ಎಂದು ಕೇಳಿದರು. ಹೆಚ್ಚಿನವರು ಪ್ರಾಮಾಣಿಕರು. ಕಾಲು ಜೋಮು ಹಿಡಿಯಿತು ಎಂದರು, ಹಸಿವಾಯಿತು ಎಂದರು, ನೀವು ಸತ್ತೇಹೋದಿರೇನೋ ಎಂದುಕೊಂಡೆ ಎಂದೂ ಒಬ್ಬ ಹೇಳಿದ. ಓದಿದ ಹುಡುಗಿ ಮಾತ್ರ ಸ್ವಲ್ಪ ಯೋಚಿಸಿ ಹೇಳಿದಳು.

"ಮೊದ್ಲು ನಿಮಗೇ ಕಾಯ್ತಿದ್ದೆ ಟೀಚರ್. ಆಮೇಲೆ ಮರೆತುಹೋಯ್ತು."

"ಮರೆತು ಏನು ಮಾಡಿದೆ?"

"ಏನೂ ಇಲ್ಲ. ಸುಮ್ನೆ ಇದ್ದೆ. ಚೆನ್ನಾಗಿತ್ತು."

ಆ ಒಂದು ಮಾತು ಅವರ ತಲೆಯಲ್ಲಿ ಕುಳಿತಿತು. ತಮ್ಮನ್ನು ಮರೆತ ಮಗುವೊಂದಾದರೂ ಇದೆ. ಎಲ್ಲರೂ ಮರೆತರೆ ತಾವು ಇಲ್ಲಿಂದ ಹೊರಗೆ ಹೋಗಬಹುದು. ಆ ದಿನದಿಂದ ಪ್ರಾರ್ಥನಾಲಯದಲ್ಲಿ ಅವರು ಕೈಯನ್ನು ಬೆನ್ನ ಹಿಂದೆ ಕಟ್ಟಿ ನಿಂತರು. ಮಕ್ಕಳು ಕಕ್ಕಾಬಿಕ್ಕಿಯಾದರು. ಮತ್ತೆ ಹಾಡಿನ ಮೇಲೆ ಓದು, ಓದಿನ ಮೇಲೆ ಜಗಳ, ಯಾರು ಆಮೆನ್ ಹೇಳಬೇಕೆಂದು ವಾದ. ಶನಿವಾರ ಬಂದ ಹೊರಗಿನ ಟೀಚರುಗಳು ಒಬ್ಬರ ಮುಖ ಒಬ್ಬರು ನೋಡಿ, ಮರ್ಯಾದೆಗೆ ಚಹಾ ಕುಡಿದು ಹೋದರು. ಎರಡು ಶನಿವಾರಗಳ ನಂತರ ಬರುವುದನ್ನೇ ಬಿಟ್ಟರು. ಸೊಸೆ ಕೈಯಾರೆ ಹೆಸರು ಕೆಡಿಸಿಕೊಳ್ಳುತ್ತಿದ್ದಾಳೆಂದು ಅತ್ತೆ ಊಟ ಬಡಿಸುವಾಗ ಪಾತ್ರೆಗಳನ್ನು ಸದ್ದು ಮಾಡಿ ಇಟ್ಟರು. ದೊಡ್ಡ ಸಿಸ್ಟರ್ ಬೇಡಿಕೊಂಡರು, ಗದರಿದರು, ಕೊನೆಗೆ ಮಾತು ಬಿಟ್ಟರು. ಮಗ್ಗಿ ಟೀಚರ್ ಕೈ ಬಿಚ್ಚಲಿಲ್ಲ. ಆದರೆ ಆರಾಧನೆ ಕೆಟ್ಟಿದೆ ಎಂಬ ಕಾರಣಕ್ಕೇ ತರಗತಿ ವಾಪಸ್ಸು ಕೇಳುವ ಬಾಯಿಯೂ ಅವರಿಗೆ ಉಳಿಯಲಿಲ್ಲ. ಕೆಡಿಸಿದವರೇ ಬಿಟ್ಟು ಓಡುವುದು ಹೇಗೆ?

ಹೀಗೆ ವರ್ಷಗಳು ಹೋದವು. ದೊಡ್ಡ ಸಿಸ್ಟರಿಗೆ ವರ್ಗವಾಗಿ, ಅವರ ಜಾಗಕ್ಕೆ ಚುರುಕಾದ ಚಿಕ್ಕ ವಯಸ್ಸಿನ ಸಿಸ್ಟರ್ ಬಂದರು. ಅವರಿಗೆ ಹಳೆಯ ಕಥೆಗಳ ಭಾರವಿರಲಿಲ್ಲ. ನಮ್ಮನ್ನೆಲ್ಲ ಒಬ್ಬೊಬ್ಬರನ್ನಾಗಿ ಕರೆದು ಏನು ಬೇಕೆಂದು ಕೇಳಿದರು. ನಾನು ಮುಂಚೆಯೇ ಒಳಗೆ ಹೋಗಿ, ಮಗ್ಗಿ ಟೀಚರನ್ನು ಮೂರನೆಯ ತರಗತಿಗೆ ಬಿಡಿ, ಅದಕ್ಕಿಂತ ದೊಡ್ಡ ಪುಣ್ಯ ಈ ಶಾಲೆಗೆ ಇಲ್ಲ ಎಂದು ಹೇಳಿ ಬಂದಿದ್ದೆ. ಸಿಸ್ಟರ್ ಒಪ್ಪಿದರು. ಆ ತರಗತಿಯಲ್ಲಿದ್ದ ಹುಡುಗಿ ಪ್ರಾರ್ಥನಾಲಯಕ್ಕೆ ಹೋಗಲಿ, ಯಾರಾದರೂ ಒಬ್ಬರು ಅಲ್ಲಿ ಇರಲೇಬೇಕಲ್ಲ ಎಂದರು.

ಅಂದಿನ ಆ ಹೊಸ ಹುಡುಗಿ ಈಗ ಹುಡುಗಿಯಾಗಿರಲಿಲ್ಲ. ಎರಡು ಮಕ್ಕಳ ತಾಯಿ, ಒಳ್ಳೆಯ ಟೀಚರ್. ಯಾವಾಗಲೋ ಕಪಾಟು ತೆರೆದು, ಡಬ್ಬಿಗಳನ್ನು ಇಳಿಸಿ, ಮಗ್ಗಿ ಟೀಚರ ಬಳಿಯೇ ಕೇಳಿ ತಿಳಿದು ಗೋಡೆ ಕಟ್ಟಿಸಲು ಕಲಿತಿದ್ದಳು. ಸುದ್ದಿ ತಿಳಿದ ಮಧ್ಯಾಹ್ನ ಅವಳು ಸಾಮಾನಿನ ಕೋಣೆಯ ಬಾಗಿಲಿಗೆ ಬಂದಳು. ನಾನು ಅಲ್ಲೇ ಕುಳಿತಿದ್ದೆ.

"ಒಳ್ಳೇದಾಯ್ತು ಅಕ್ಕ. ನಿಮ್ಮದೇ ತರಗತಿ ಅದು," ಎಂದಳು. ನಗಲೂ ಪ್ರಯತ್ನಿಸಿದಳು. ಆಮೇಲೆ ಒಳಗಿನ ಮೇಣದಬತ್ತಿಯ ಕಟ್ಟುಗಳನ್ನು, ಗಾಳಿಯಿಲ್ಲದ ಆ ಪುಟ್ಟ ಕಿಟಕಿಯನ್ನು, ಒಂದೇ ಕುರ್ಚಿಯನ್ನು ನೋಡಿದಳು. "ಇಲ್ಲಿ ನಿಜವಾಗ್ಲೂ ಎಷ್ಟು ವರ್ಷ ಇರಬೇಕಾಗುತ್ತೆ ಅಕ್ಕ?"

"ಸಿಸ್ಟರ್ ಒಂದೇ ವರ್ಷ ಅಂದ್ರಾ?" ಎಂದು ಕೇಳಿದರು ಮಗ್ಗಿ ಟೀಚರ್.

"ಹೌದಕ್ಕ. ಒಂದೇ ವರ್ಷ ಅಂದ್ರು."

ಮಗ್ಗಿ ಟೀಚರ್ ಅವಳನ್ನು ಕಳಿಸಿ, ಮೇಣದಬತ್ತಿಯ ಕಟ್ಟುಗಳನ್ನು ಸಾಲಾಗಿ ಜೋಡಿಸಿಟ್ಟರು. ಆಮೇಲೆ ಎದ್ದು ಸಿಸ್ಟರ ಕೋಣೆಗೆ ನಡೆದರು. ನಾನು ಜಗಲಿಯಲ್ಲಿ ಅಡ್ಡ ಬಂದು, ಇಷ್ಟು ವರ್ಷ ಕಾದು ಈಗ ಕೈಗೆ ಬಂದದ್ದನ್ನು ಗಾಳಿಗೆ ತೂರಬೇಡಿ ಎಂದೆ.

"ಅವಳ ಮುಖ ನೋಡಿದ್ರಲ್ಲ ಮೇಷ್ಟ್ರೇ," ಎಂದರು. "ಅದು ನನ್ನದೇ ಮುಖ. ಅದನ್ನ ಪಕ್ಕದ ಕೋಣೇಲಿಟ್ಟುಕೊಂಡು ನಾನು ಹೇಗೆ ಪಾಠ ಮಾಡಲಿ?"

ಹೋದಷ್ಟೇ ಬೇಗ ಹಿಂದಿರುಗಿದರು. ಅವಳು ಅಲ್ಲೇ ಇರಲಿ, ನಾನು ಇಲ್ಲೇ ಇರುತ್ತೇನೆ ಎಂದು ಹೇಳಿ ಬಂದರಂತೆ. ನಿವೃತ್ತಿಯವರೆಗೂ ಅಲ್ಲೇ ಇರುತ್ತೀರಾ ಎಂದು ಸಿಸ್ಟರ್ ಕೇಳಿದ್ದಕ್ಕೆ, ಹೂಂ ಎಂದರಂತೆ. ಅಷ್ಟರಲ್ಲಿ ಮಧ್ಯಾಹ್ನದ ಪ್ರಾರ್ಥನೆಯ ಹೊತ್ತು ಮೀರಿತ್ತು. ಅವರು ಅವಸರವಾಗಿ ಹೋಗಿ ಪ್ರಾರ್ಥನಾಲಯದ ಬಾಗಿಲು ತಳ್ಳುವುದಕ್ಕೂ ಒಳಗಿನಿಂದ ಮಕ್ಕಳು ಹೊರಗೆ ಬರುವುದಕ್ಕೂ ಸರಿಹೋಯಿತು. ಮುಂದಿದ್ದ ಹುಡುಗಿಯ ಕೈಯಲ್ಲಿ ಆಗ ತಾನೇ ಆರಿಸಿದ ಬತ್ತಿ ಇನ್ನೂ ಹೊಗೆಯಾಡುತ್ತಿತ್ತು.

"ನೀವು ಬರಲಿಲ್ಲ ಟೀಚರ್. ನಾವೇ ಮುಗಿಸಿಬಿಟ್ವಿ," ಎಂದಳು ಅವಳು, ಬೈಗುಳ ಬರುವುದೋ ಎಂದು ಅಳುಕುತ್ತ.

"ಜಗಳ ಆಡಿದ್ರಾ?"

"ಸ್ವಲ್ಪ."

"ಮೌನ?"

"ಅದೂ ಸ್ವಲ್ಪ. ಸಾಕು ಅನ್ನಿಸ್ತು, ನಿಲ್ಲಿಸಿದ್ವಿ."

ಮಗ್ಗಿ ಟೀಚರ್ ಅವಳ ತಲೆ ಸವರಿ, ಸರಿ, ಹೋಗಿ ಎಂದರು. ಮಕ್ಕಳು ಜಗಲಿಯುದ್ದಕ್ಕೂ ಓಡಿದರು. ಯಾರೂ ಹಿಂದಿರುಗಿ ಅವರ ಕೈಯನ್ನು ನೋಡಲಿಲ್ಲ. ಅವರು ಖಾಲಿ ಪ್ರಾರ್ಥನಾಲಯದೊಳಗೆ ಹೋಗಿ, ಮಕ್ಕಳು ಸೊಟ್ಟಗೆ ಹಾಸಿದ್ದ ಪೀಠದ ಬಟ್ಟೆಯನ್ನು ಮುಟ್ಟದೆ, ಹಿಂದಿನ ಬೆಂಚಿನಲ್ಲಿ ಕುಳಿತುಕೊಂಡರು. ಇನ್ನು ಅಲ್ಲಿ ಅವರಿಗೆ ಕೆಲಸವೇನೂ ಇರಲಿಲ್ಲ. ಬಿಟ್ಟು ಹೋಗುವ ದಾರಿಯನ್ನು ಅವರೇ ಈಗಷ್ಟೇ ಮುಚ್ಚಿ ಬಂದಿದ್ದರು.